ತಂಗಿಗೆಂದು ಹಿಡಿದಿದ್ದ ಕಾಡಿನ ಮನೆ

ನಾನು ಸ್ಕಾಟ್ಲೆಂಡಿಗೆ ಹೋಗಿದ್ದು ಸತ್ತವಳ ಬದಲಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಓದುವವರು, ಸೊಲ್ಲಾಪುರದ ಬೀಡಿ ಕಟ್ಟುವ ಮುದುಕಿಗೆ ಏನು ಭಾಗ್ಯ ಬಂತಪ್ಪಾ ಎಂದುಕೊಳ್ಳುತ್ತಾರೆ. ಭಾಗ್ಯ ನನ್ನದಲ್ಲ, ನನ್ನ ತಂಗಿ ಗಂಗವ್ವನದು. ಅವಳು ಸತ್ತಳು, ನಾನು ಹೋದೆ.

ನಾನು ಕಲಿತದ್ದು ಅಕ್ಕಲಕೋಟದ ಕಡೆಯ ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ, ನಾಲ್ಕನೆಯ ಇಯತ್ತೆಯವರೆಗೆ. ಆಮೇಲೆ ಕೈಗೆ ಬಂದದ್ದು ಬೀಡಿಯ ಎಲೆ, ಪಾಟಿಯಲ್ಲ. ಹೆಚ್ಚು ಬರೆದು ರೂಢಿಯಿಲ್ಲ. ಚಂದ ಮಾಡಿ ಹೇಳುವುದಂತೂ ಮೊದಲಿನಿಂದಲೂ ಬರುವುದಿಲ್ಲ.

ಸೊಲ್ಲಾಪುರ, ಹೊರಡುವ ಮೊದಲು

ಗಂಗವ್ವನ ಮನೆ ಹೋಟಗಿಯಲ್ಲಿ, ಹಳಿಗೆ ಹತ್ತಿಕೊಂಡೇ ಇತ್ತು. ಅವಳ ಗಂಡ ರೈಲ್ವೆಯಲ್ಲಿ ಗ್ಯಾಂಗಮನ್. ಗಾಡಿ ಹೋದಾಗಲೆಲ್ಲ ಗೋಡೆಯ ಮಾಡದಲ್ಲಿನ ತಾಟು, ಬಟ್ಟಲು ಗಲಗಲ ಅನ್ನುತ್ತಿದ್ದವು. ನಲವತ್ತು ವರ್ಷ ಅದನ್ನು ಕೇಳಿ ಕೇಳಿ ಅವಳಿಗೆ ಒಂದೇ ಆಸೆ ಉಳಿದಿತ್ತು. "ಸಪ್ಪಳಽ ಇಲ್ಲದ ಜಾಗಾದಾಗ ನಾಕು ದಿನಾ ಮಲಗಬೇಕು ನೋಡ ಅಕ್ಕಾ" ಎನ್ನುತ್ತಿದ್ದಳು. ಅವಳ ಮಗಳು ಸುರೇಖಾ ಸ್ಕಾಟ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು, ಹೆರಿಗೆ ವಾರ್ಡಿನಲ್ಲಿ. ಅವ್ವನ ಆಸೆ ಕೇಳಿ ಅಲ್ಲಿನ ಕಾಡಿನಲ್ಲಿ ನಾಲ್ಕು ದಿನಕ್ಕೆ ಒಂದು ಮನೆ ಹಿಡಿದಳು. ಗಂಗವ್ವ ಪಾಸ್‌ಪೋರ್ಟ್ ಮಾಡಿಸಿಕೊಂಡಳು, ಊರಿಗೆಲ್ಲ ತೋರಿಸಿದಳು, ಹೋಗುವ ಮೊದಲೇ ಸತ್ತಳು.

ಅವಳ ಮಗಳು ಎಂದೆ. ಹಡೆದವಳು ನಾನು. ಸುರೇಖಾ ಮೂರು ವರ್ಷದವಳಿದ್ದಾಗ ಮಕ್ಕಳಿಲ್ಲದ ತಂಗಿಗೆ ಕೊಟ್ಟುಬಿಟ್ಟೆ. ಇದರಲ್ಲಿ ಗುಟ್ಟೇನೂ ಇಲ್ಲ. ಹೋಟಗಿಗೆಲ್ಲ ಗೊತ್ತು, ಸುರೇಖಾಳಿಗೂ ಬುದ್ಧಿ ಬಂದಾಗಿನಿಂದ ಗೊತ್ತು. ಗಂಗವ್ವನಿಗೆ ಅವ್ವ ಎನ್ನುತ್ತಾಳೆ, ನನಗೆ ದೊಡ್ಡವ್ವ ಎನ್ನುತ್ತಾಳೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರಲ್ಲ, ಅದನ್ನು ಮದುವೆಯಾದ ಹೆಣ್ಣಿಗೆ ಅನ್ನುವುದು. ನಾನು ಮೂರು ವರ್ಷಕ್ಕೇ ಹೊರಗೆ ಹಾಕಿದ್ದೆ.

ತಂಗಿ ಸತ್ತ ಮೇಲೆ ಸುರೇಖಾಳ ಫೋನು ಬಂತು.

"ದೊಡ್ಡವ್ವಾ, ಅವ್ವ ಹೋಗೂ ಮುಂದ ಹೇಳಿದ್ಲು, ಅಕ್ಕನ್ನ ಕರಕೊಂಡು ಹೋಗು ಅಂತ. ಆ ಮನಿ ಬುಕಿಂಗ್ ಮುಂದಿನ ವರ್ಷಕ್ಕ ಹಾಕಿಸೀನಿ. ಬರ್ತೀಯೇನು?"

"ಯಾಕ, ನನಗೇನ್ ಕಾಲಿಲ್ಲೇನು?" ಎಂದೆ.

ನಾನು ಒಪ್ಪಿದ್ದು ಊರು ನೋಡುವುದಕ್ಕಲ್ಲ. ಎಪ್ಪತ್ತರ ಹತ್ತಿರ ಬಂದವಳಿಗೆ ಎಲ್ಲ ಊರೂ ಒಂದೇ. ಗಂಗವ್ವ ಸತ್ತು ಅವ್ವ ಅನ್ನಿಸಿಕೊಳ್ಳುವ ಜಾಗ ಖಾಲಿಯಾಗಿತ್ತು. ನಾಲ್ಕು ದಿನ ಇಬ್ಬರೇ ಇರುತ್ತೇವೆ, ಒಂದು ಸಲವಾದರೂ ನನಗೆ ಅವ್ವ ಅಂದಾಳು ಎಂಬ ದುರಾಸೆ ನನಗೆ ಹುಟ್ಟಿತು. ತಂಗಿ ಸತ್ತು ವರ್ಷವಾಗಿರಲಿಲ್ಲ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ನನ್ನ ಹಿರಿಮಗಳು ವಿಜಾಪುರ ರಸ್ತೆಯಲ್ಲಿರುತ್ತಾಳೆ. ಸ್ಟೇಷನ್ನಿಗೆ ಆಟೋ ಹತ್ತಿಸುವಾಗ ಅಂದಳು: "ಕೊಟ್ಟ ಮಗಳು ವಿಮಾನದಾಗ ಕರಸ್ತಾಳ. ಇಟಗೊಂಡ ಮಗಳು ಆಟೋದಾಗ ಕಳಸಾಕತ್ತೀನಿ. ಎಲ್ಲಾರನೂ ಕೊಟ್ಟಿದ್ದರ ಬೇಷಿತ್ತು ನೋಡವಾ."

ಆಟೋದವನು ನಕ್ಕ. ನಾನು ನಗಲಿಲ್ಲ.

ವಿಮಾನ ನಿಲ್ದಾಣ

ಮುಂಬಯಿಯಲ್ಲಿ ನನ್ನನ್ನು ಗಾಲಿಕುರ್ಚಿಯಲ್ಲಿ ಕೂಡಿಸಿದರು. ಕಾಲು ಗಟ್ಟಿ ಇವೆ ಎಂದೆ. ತಳ್ಳುವ ಹುಡುಗಿ, "ಆಜಿ, ಬಸಾ, ಬಸಾ" ಎಂದು ಮರಾಠಿಯಲ್ಲಿ ಹೇಳಿ ತಳ್ಳಿಕೊಂಡೇ ಹೋದಳು. ಸುರೇಖಾಳೇ ಹಾಗೆ ಬರೆಸಿದ್ದಳಂತೆ. ಅಲ್ಲಿ ನನ್ನಂಥ ಮುದುಕಿಯರು ಸಾಲಾಗಿ ಕುರ್ಚಿಯಲ್ಲಿ ಕೂತಿದ್ದರು. ಒಬ್ಬಳಿಗೂ ಕಾಲಿಗೆ ಏನೂ ಆಗಿರಲಿಲ್ಲ. ಇಂಗ್ಲಿಷ್ ಬರುತ್ತಿರಲಿಲ್ಲ, ಅಷ್ಟೇ. ಭಾಷೆ ಬಾರದವರಿಗೆ ಕಾಲೂ ಇಲ್ಲ ಎಂದು ಅವರ ತಿಳುವಳಿಕೆ.

ವಿಮಾನದಲ್ಲಿ ಹೇಳುವಂಥದ್ದು ಏನಿಲ್ಲ. ಎಸ್‌ಟಿ ಬಸ್ಸಿನಷ್ಟೇ ಇಕ್ಕಟ್ಟು, ಕಿಟಕಿ ತೆಗೆಯಲು ಬರುವುದಿಲ್ಲ.

ಇಳಿದ ಮೇಲೆ ಗಾಜಿನ ಹಿಂದೆ ಕೂತಿದ್ದ ಸಾಹೇಬ ನನ್ನ ಬೆರಳನ್ನು ಯಂತ್ರದ ಮೇಲೆ ಒತ್ತಲು ಹೇಳಿದ. ಒತ್ತಿದೆ. ಗುರುತು ಬೀಳಲಿಲ್ಲ. ಒರೆಸಿ ಒತ್ತಿದೆ, ಬೀಳಲಿಲ್ಲ. ಅವನು ಎದ್ದು ಬಂದು ನನ್ನ ಬೆರಳು ಹಿಡಿದು ತಾನೇ ಒತ್ತಿದ. ಆಗಲೂ ಇಲ್ಲ. ಐವತ್ತು ವರ್ಷ ಬೀಡಿ ಸುತ್ತಿದ ಬೆರಳು ಇವು. ಎಲೆ ತಿಕ್ಕಿ ತಿಕ್ಕಿ ಗೆರೆಯೆಲ್ಲ ಹೋಗಿವೆ. ರೇಷನ್ ಅಂಗಡಿಯಲ್ಲೂ ಇದೇ ಗೋಳು. ಅಲ್ಲಿನವರಿಗೆ ನಮ್ಮ ಓಣಿಯ ಹೆಂಗಸರ ಕೈ ಗೊತ್ತು, ಬೈದುಕೊಂಡಾದರೂ ಕೊಡುತ್ತಾರೆ. ಈ ಸಾಹೇಬನಿಗೆ ಹೇಗೆ ಹೇಳುವುದು? ಎಲೆ ಕತ್ತರಿಸುವ ಹಾಗೆ, ತಂಬಾಕು ಹಾಕುವ ಹಾಗೆ, ಸುತ್ತುವ ಹಾಗೆ ಗಾಳಿಯಲ್ಲಿ ಮಾಡಿ ತೋರಿಸಿದೆ. ಅವನು ಇನ್ನಿಬ್ಬರನ್ನು ಕರೆದ. ಮೂವರೂ ನನ್ನ ಅಂಗೈ ನೋಡಿದರು, ಜ್ಯೋತಿಷಿಗಳ ಹಾಗೆ. ಕೊನೆಗೆ ಕಾಗದ ನೋಡಿ ಬಿಟ್ಟರು.

ಹೊರಗೆ ಸುರೇಖಾ ನಿಂತಿದ್ದಳು. ಬಗ್ಗಿ ಕಾಲು ಮುಟ್ಟಿದಳು. "ಬಾ ದೊಡ್ಡವ್ವ" ಎಂದು ಚೀಲ ಎತ್ತಿಕೊಂಡಳು.

ಮೊದಲ ದಿನ, ಕಾಡು

ಕಾರಿನಲ್ಲಿ ಮೂರು ತಾಸು. ಕೊನೆಯ ಒಂದು ತಾಸು ಬರೀ ಮರ. ಮರ ಎಂದರೆ ಬೇವು, ಬನ್ನಿ, ಹುಣಸೆ ಎಂದು ತಿಳಿಯಬೇಡಿ. ಉದ್ದುದ್ದ, ನೆಟ್ಟಗೆ, ಒಂದೇ ಬಣ್ಣ. ಕೆಳಗಿಳಿದು ಒಂದು ಟೊಂಗೆ ಮುರಿದು ತಿಕ್ಕಿ ನೋಡಿದೆ. ಎಲೆಯೇ ಇಲ್ಲ, ಸೂಜಿಗಳಿವೆ. ಇಷ್ಟು ದೊಡ್ಡ ಕಾಡಿನಲ್ಲಿ ಒಂದು ಬೀಡಿಗಾಗುವಷ್ಟು ಅಗಲದ ಎಲೆ ನನಗೆ ಸಿಗಲಿಲ್ಲ. ಇಂಥ ಕಾಡು ಇಟ್ಟುಕೊಂಡು ಏನು ಮಾಡುತ್ತಾರೋ.

ಮನೆ ಪೂರ್ತಿ ಹಲಗೆಯದು. ಸುತ್ತ ಯಾರೂ ಇಲ್ಲ. ಬೀಗದ ಕೈ ಬಾಗಿಲ ಪಕ್ಕದ ಡಬ್ಬಿಯಲ್ಲಿ. ಮನೆಯೊಡತಿ ದಿನ್ನೆಯ ಆಚೆ ಇರುತ್ತಾಳಂತೆ, ಕರೆದರೆ ಮಾತ್ರ ಬರುತ್ತಾಳಂತೆ. ನಮ್ಮಲ್ಲಿ ಬಾಡಿಗೆಗೆ ಕೊಟ್ಟವರು ಕರೆಯದೆ ದಿನಕ್ಕೆ ನಾಲ್ಕು ಸಲ ಬಂದು ನೀರು ಎಷ್ಟು ಸುರಿದಿರಿ ಎಂದು ನೋಡುತ್ತಾರೆ. ಇಲ್ಲಿ ನಲ್ಲಿಯ ನೀರು ಕರಿ ಚಹಾದ ಬಣ್ಣ. ಕೆಟ್ಟದ್ದಲ್ಲ, ಮಣ್ಣಿನ ಬಣ್ಣ, ಕುಡಿ ಎಂದಳು ಸುರೇಖಾ. ಸಂಡಾಸು ಹೊರಗೆ ಬೇರೆ ಗುಡಿಸಲಿನಲ್ಲಿ. ನೀರು ಹಾಕುವಂತಿಲ್ಲ, ಮರದ ಹೊಟ್ಟು ಸುರಿದು ಬರಬೇಕು.

"ಹೊರಗ ಹೋಗಬ್ಯಾಡ್ರಿ, ಮನ್ಯಾಗ ಕಟ್ಟಿಸಿಕೋರಿ ಅಂತ ಸರಕಾರದವರು ನಮ್ಮ ಜೀವಾ ತಿಂದ್ರು" ಎಂದೆ. "ಇಲ್ಲಿ ಜನ ಸೂಟಿ ಹಾಕಿ, ಕಾರ್ ತಗೊಂಡು ಹೊರಗ ಹೋಗಾಕ ಬರ್ತಾರ?"

ಸುರೇಖಾ ನಕ್ಕಳು. ಹಲ್ಲು ನನ್ನವೇ, ಮುಂದಿನ ಎರಡು ಸ್ವಲ್ಪ ಅಗಲ. ನಗು ಮಾತ್ರ ಗಂಗವ್ವನದು, ಕೈ ಬಾಯಿಗೆ ಅಡ್ಡ ಹಿಡಿದು.

ಒಳಗೆ ಎರಡು ಮಂಚ. ಒಂದರ ಮೇಲೆ ಸುರೇಖಾ ಉಣ್ಣೆಯ ಸ್ವೆಟರು, ಕಾಲುಚೀಲ, ಮೆತ್ತಗಿನ ಚಪ್ಪಲಿ ಚೀಲದಿಂದ ತೆಗೆದು ಸಾಲಾಗಿ ಇಟ್ಟಳು. ನನಗೆ ಥಂಡಿ ಹತ್ತಿತ್ತು, ಕೇಳದೆ ಸ್ವೆಟರು ತೆಗೆದು ತಲೆಗೆ ಏರಿಸಿದೆ. ತೋಳು ಮೊಣಕೈಗೆ ಬಂದು ನಿಂತಿತು. ಎದೆಯ ಮೇಲೆ ಇಳಿಯಲೇ ಇಲ್ಲ. ನಾನು ಎತ್ತರದ ಆಳು, ಹೆಗಲು ಅಗಲ. ಗಂಗವ್ವ ಗುಬ್ಬಿಯಷ್ಟು, ಅವಳ ಅಳತೆಗೆ ಕೊಂಡಿಟ್ಟದ್ದು ಅದು.

"ತೆಗೀ ದೊಡ್ಡವ್ವಾ, ಹರೀತದ" ಎಂದಳು ಸುರೇಖಾ. ತೆಗೆಯಲು ಸಹಾಯ ಮಾಡಿದಳು. ಆಮೇಲೆ ಅದನ್ನು ಮಡಿಚಿ ನನ್ನ ಮಂಚದ ಮೇಲೆ ಇಡಲಿಲ್ಲ, ತನ್ನ ಚೀಲದೊಳಗೆ ಇಟ್ಟುಕೊಂಡಳು. ತನ್ನದೇ ಒಂದು ಹಳೆಯ ಕೋಟು ನನಗೆ ಕೊಟ್ಟಳು. ಚಪ್ಪಲಿಯೂ ನನ್ನ ಹಿಮ್ಮಡಿಗೆ ಅರ್ಧ. ಗಂಗವ್ವನ ಮಂಚ, ಗಂಗವ್ವನ ಚಪ್ಪಲಿ. ನಾಲ್ಕು ದಿನ ನನ್ನ ಹಿಮ್ಮಡಿ ನೆಲದ ಮೇಲೇ ಇತ್ತು.

ನಾನು ಊರಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಸೊಲ್ಲಾಪುರಿ ಚಾದರ ಒಯ್ದಿದ್ದೆ. ಊಟಕ್ಕೆ ಕೂತಾಗ ಸುರೇಖಾ ರೊಟ್ಟಿ ಮುರಿದು ಅಂದಳು: "ಅವ್ವ ಇದಕಿಂತ ತೆಳ್ಳಗ ಬಡೀತಿದ್ಲು."

"ಹೂಂ, ಬಡೀತಿದ್ಲು. ಕಲಿಸಿದಾಕಿ ನಾನು."

"ಅಕಿ ನನಗ ಬ್ಯಾರೆ ಹೇಳ್ಯಾಳ. ತಾನಽ ಕಲಿತೆ ಅಂದಾಳ."

ಸತ್ತವರ ಜೊತೆ ಜಗಳಾಡಿ ಗೆಲ್ಲಲು ಬರುವುದಿಲ್ಲ. ರೊಟ್ಟಿ ತಿಂದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಹತ್ತು ಗಂಟೆಯಾದರೂ ಬೆಳಕು, ಅದು ಒಂದು. ಮತ್ತೆ ಈ ಸಪ್ಪಳವಿಲ್ಲದ್ದು. ನಮ್ಮ ಓಣಿಯಲ್ಲಿ ಹಗಲೂ ರಾತ್ರಿ ಪವರ್‌ಲೂಮ್ ಖಟಖಟ ಅನ್ನುತ್ತದೆ. ಅದು ನಿಂತರೆ ಕರೆಂಟು ಹೋಯಿತೆಂದು ಎಚ್ಚರವಾಗುತ್ತದೆ. ಇಲ್ಲಿ ರಾತ್ರಿಯೆಲ್ಲ ಕರೆಂಟು ಹೋದ ಹಾಗೆ ಎಚ್ಚರವಾಗಿ ಬಿದ್ದುಕೊಂಡಿದ್ದೆ. ಇದಕ್ಕಾಗಿ ಗಂಗವ್ವ ಆಸೆಪಟ್ಟಳಲ್ಲ ಎನಿಸಿತು.

ಎರಡನೆಯ ದಿನ, ಹೊಗೆ

ಆ ಕಾಡಿನಲ್ಲಿ ಹುಲಿಯಿಲ್ಲ, ಹಾವಿಲ್ಲ, ಕೋತಿಯಿಲ್ಲ. ಇರುವುದು ಗುಂಗಾಡಿನಂಥ ಹುಳು, ಎಳ್ಳಿನ ಕಾಳಿನ ಅರ್ಧದಷ್ಟು. ಸಂಜೆ ಗಾಳಿ ನಿಂತಿತೋ, ಮೋಡದ ಹಾಗೆ ಬಂದು ಮೈತುಂಬ ಕೂರುತ್ತದೆ. ಕಿವಿ, ಕಣ್ಣು, ಕೂದಲ ಬುಡ, ಎಲ್ಲ ಕಡೆ ಕಡಿತ. ನನ್ನ ಕೈಯ ಮೇಲೆಲ್ಲ ಕೆಂಪು ಗಂಧೆಗಳೆದ್ದವು.

ಎರಡನೆಯ ದಿನ ಸಂಜೆ ಸುರೇಖಾ ಫೋನ್ ಮಾಡಲೆಂದು ದಿನ್ನೆ ಹತ್ತಿ ಹೋಗಿದ್ದಳು, ಮನೆಯ ಹತ್ತಿರ ರೇಂಜ್ ಇರಲಿಲ್ಲ. ಹುಳು ಬಾಗಿಲ ಸಂದಿಯಿಂದ ಒಳಗೆ ಬರತೊಡಗಿದವು. ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಸೊಳ್ಳೆ ಬಂದರೆ ಏನು ಮಾಡುತ್ತೇವೆ? ಕೆಂಡದ ಮೇಲೆ ಹಸಿ ಬೇವಿನ ಸೊಪ್ಪು ಹಾಕಿ, ಮೂಲೆ ಮೂಲೆಗೆ ಹೊಗೆ ತೋರಿಸಿ, ಬಾಗಿಲು ಹಾಕಿ ಹೊರಗೆ ಕೂರುತ್ತೇವೆ. ಅದನ್ನೇ ಮಾಡಿದೆ. ಒಲೆಯಿಂದ ಕೆಂಡ ತೆಗೆದು ಕಬ್ಬಿಣದ ಬುಟ್ಟಿಗೆ ಹಾಕಿಕೊಂಡೆ. ಹೊರಗಿನ ಹಸಿ ಸೂಜಿ ಸೊಪ್ಪು ತಂದು ಮೇಲೆ ಸುರಿದೆ. ಏನು ಹೊಗೆ ಅದು! ಬೇವಿನ ಅಪ್ಪ. ಮಂಚದ ಕೆಳಗೆ, ಕಪಾಟಿನ ಒಳಗೆ, ಎಲ್ಲ ಕಡೆ ತೋರಿಸಿದೆ.

ಅಷ್ಟರಲ್ಲಿ ತಲೆಯ ಮೇಲೆ ಮಾಳಿಗೆಗೆ ಅಂಟಿಕೊಂಡಿದ್ದ ಏನೋ ಕಿರುಚತೊಡಗಿತು. ಬಿಳಿ ಬಿಲ್ಲೆಯಂಥದ್ದು, ಕೆಂಪು ಕಣ್ಣು ಮಿಟುಕಿಸುತ್ತ, ಗಿರಣಿಯ ಭೋಂಗಾ ಕೂಗಿದ ಹಾಗೆ ಕೂಗುತ್ತದೆ. ಸುಮ್ಮನಿರು ಎಂದೆ. ಇರಲಿಲ್ಲ. ಕಸಬರಿಗೆಯ ಹಿಡಿಯಿಂದ ಹೊಡೆದೆ. ಕಳಚಿ ಕೆಳಗೆ ಬಿತ್ತು, ಬಿದ್ದಲ್ಲೇ ಕೂಗಿತು. ಎತ್ತಿ ನೀರಿನ ಬಕೇಟಿಗೆ ಹಾಕಿದೆ. ಒಂದಿಷ್ಟು ಹೊತ್ತು ನೀರಿನೊಳಗೂ ಕೂಗಿ, ಆಮೇಲೆ ಸತ್ತಿತು.

ಬಾಗಿಲು ಧಡ್ ಎಂದು ತೆರೆಯಿತು. ಮನೆಯೊಡತಿ. ನನ್ನ ವಯಸ್ಸಿನವಳೇ, ಬಿಳಿ ಕೂದಲು, ಮೊಣಕಾಲುದ್ದ ರಬ್ಬರಿನ ಬೂಟು, ಕೈಯಲ್ಲಿ ಬೆಂಕಿ ಆರಿಸುವ ಕೆಂಪು ಡಬ್ಬಿ, ಹಿಂದೆ ಒಂದು ಕರಿ ನಾಯಿ. ಅವಳು ಬುಟ್ಟಿ ನೋಡಿದಳು, ಬಕೇಟು ನೋಡಿದಳು, ನನ್ನನ್ನು ನೋಡಿದಳು. ನಾನು ನನ್ನ ಕೈಯ ಮೇಲಿನ ಗಂಧೆ ತೋರಿಸಿ, ಹೊಗೆ ತೋರಿಸಿ, ಹೊರಗೆ ಹೋಗು ಎಂಬಂತೆ ಹುಳುವಿಗೆ ಸನ್ನೆ ಮಾಡಿದೆ. ಆಕೆಗೆ ತಿಳಿಯಿತು. ತನ್ನ ತೋಳೇರಿಸಿ ತನ್ನ ಗಂಧೆ ತೋರಿಸಿದಳು. ಬುಟ್ಟಿಯನ್ನು ಹೊರಗಿಟ್ಟು, ಕಿಟಕಿ ತೆಗೆದು, ಕೆಟಲಿಗೆ ನೀರು ಹಾಕಿ ಚಹಾ ಇಟ್ಟಳು. ಬೈಯಲಿಲ್ಲ. ಇಷ್ಟು ದೂರ ಬಂದು ನನಗೆ ಸರಿ ಕಂಡ ಒಬ್ಬಳೇ ಹೆಂಗಸು ಅವಳು.

ಸುರೇಖಾ ಓಡಿ ಬಂದಳು. "ಅಯ್ಯ, ಏನ್ ಮಾಡಿದಿ ದೊಡ್ಡವ್ವಾ? ಮನಿ ಸುಡತಿದ್ದೆಲ್ಲ!" ಎಂದು ನನಗೆ ಅಂದಳು, ಒಡತಿಗೆ ಇಂಗ್ಲಿಷಿನಲ್ಲಿ ಸಾರಿ ಸಾರಿ ಎಂದಳು. ಒಡತಿ ಕೈಯಾಡಿಸಿ, ನನ್ನ ಕಡೆ ತೋರಿಸಿ, ನಗುತ್ತ ಒಂದು ಮಾತು ಕೇಳಿದಳು. ಅದರಲ್ಲಿ "ಮದರ್" ಎನ್ನುವುದು ನನಗೆ ತಿಳಿಯಿತು. ಆ ಶಬ್ದ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ?

ಸುರೇಖಾ ಅಂದಳು: "ನೋ, ನೋ. ಆಂಟಿ."

ಅದೂ ನನಗೆ ಗೊತ್ತು. ಸೊಲ್ಲಾಪುರದಲ್ಲಿ ಭಾಜಿ ಮಾರುವವನೂ ನನಗೆ ಆಂಟಿ ಎನ್ನುತ್ತಾನೆ.

ಅದೇ ಸಂಜೆ

ನನಗೆ ತಡೆಯಲಾಗಲಿಲ್ಲ. ಒಡತಿ ಅಲ್ಲೇ ಚಹಾ ಸೋಸುತ್ತಿದ್ದಳು, ಆದರೂ ಅಂದೆ.

"ಒಂದ್ ಸಲ ಹೂಂ ಅಂದಿದ್ದರ ಏನ್ ಹೋಗ್ತಿತ್ತು ನಿಂದು? ಅಕಿ ಯಾರೋ, ನಾಳೆ ನಾವ್ ಯಾರೋ."

"ಸುಳ್ಳ ಯಾಕ ಹೇಳಲಿ? ನಮ್ಮವ್ವ ಸತ್ತಾಳ."

"ಹಡದಾಕಿ ಇಲ್ಲೇ ಕುಂತೀನಿ."

"ಹಡದೀ, ಹೌದು." ಅವಳ ದನಿ ಏರಲಿಲ್ಲ. "ನಾ ದಿನಾ ಹತ್ತು ನೋಡ್ತೀನಿ ದೊಡ್ಡವ್ವಾ. ಹಡಿಯೂದು ಅರ್ಧಾ ದಿನದ ಕೆಲಸ. ಸಾಲಿ ದಾಖಲೆದಾಗ, ಪಾಸ್‌ಪೋರ್ಟಿನಾಗ, ಎಲ್ಲಾ ಕಡೆ ಅವ್ವ ಅಂದರ ಗಂಗವ್ವ. ನಿನ್ನ ವೀಸಾ ಕಾಗದದಾಗೂ ಆಂಟಿ ಅಂತಽ ಬರದೀನಿ."

"ಬರಿ, ಬರಿ. ಇಂಗ್ಲಿಷ್ ಬರ್ತದ ನಿನಗ. ಬೇಕಾದ್ದು ಬರಿ."

ನಮ್ಮ ಓಣಿಯಲ್ಲಿ ಜಗಳವೆಂದರೆ ಅದಕ್ಕೆ ಒಂದು ಪದ್ಧತಿಯಿದೆ. ದನಿ ಏರಿತೆಂದರೆ ಪಕ್ಕದ ಮನೆಯ ಹುಸೇನಬಿ ಬೀಡಿಯ ಮೊರ ಕೆಳಗಿಟ್ಟು ಬರುತ್ತಾಳೆ, ನಡುವೆ ನಿಲ್ಲುತ್ತಾಳೆ, "ಏ, ಚುಪ್ ಬೈಠೋ ದೋನೋ!" ಎಂದು ಇಬ್ಬರಿಗೂ ಬೈಯುತ್ತಾಳೆ. ಒಬ್ಬಳನ್ನು ತನ್ನ ಮನೆಗೆ ಎಳೆದುಕೊಂಡು ಹೋಗಿ ನೀರು ಕೊಡುತ್ತಾಳೆ. ಅವಳು ಜಗಳಾಡಿದಾಗ ನಾನು ಹೋಗುತ್ತೇನೆ. ಅದಕ್ಕೇ ನಾವು ಬಾಯಿಗೆ ಬಂದದ್ದು ಅನ್ನುತ್ತೇವೆ. ಅನ್ನಬಾರದ್ದು ಬಾಯಿಗೆ ಬರುವುದರೊಳಗೆ ಮೂರನೆಯವಳು ಬಂದು ತಡೆಯುತ್ತಾಳೆಂದು ಧೈರ್ಯ.

ಇಲ್ಲಿ ಮೂರನೆಯವಳು ಇದ್ದಳು. ಅವಳು ಎರಡು ಕಪ್ ಚಹಾ ಮೇಜಿನ ಮೇಲಿಟ್ಟಳು, ನಾಯಿಯನ್ನು ಕರೆದಳು, ಸಪ್ಪಳವಾಗದ ಹಾಗೆ ಬಾಗಿಲು ಎಳೆದುಕೊಂಡು ಹೋಗಿಬಿಟ್ಟಳು. ಅವರ ಕಡೆ ಅದೇ ಮರ್ಯಾದೆಯಂತೆ. ಕಿಟಕಿಯಿಂದ ನೋಡಿದೆ, ದಿನ್ನೆ ಹತ್ತುತ್ತಿದ್ದಳು. ತಿರುಗಿಯೂ ನೋಡಲಿಲ್ಲ. ಕೂಗಿ ಕರೆಯಬೇಕೆನಿಸಿತು.

ಸುರೇಖಾ ನನ್ನ ಎದುರು ಕೂತಳು.

"ಒಂದ ಮಾತ ಕೇಳ್ತೀನಿ. ಇದನ್ನ ಕೇಳಾಕಽ ನಿನ್ನ ಇಲ್ಲಿ ತನಕಾ ಕರಸೀನಿ ಅಂತ ತಿಳಿ. ಊರಾಗ ಕೇಳಿದ್ದರ ಹತ್ತು ಮಂದಿ ಬಾಯಿ ಹಾಕತಿದ್ದರು. ಖರೇ ಹೇಳತೀ?"

"ಕೇಳು."

"ಅವ್ವ ಹೇಳ್ತಿದ್ಲು, ನನ್ನ ಕೊಟ್ಟ ಮ್ಯಾಲ ನೀ ಮೂರು ದಿನಾ ಕೂಳ ಮುಟ್ಟಲಿಲ್ಲಂತ. ಗ್ವಾಡಿಗೆ ಮುಖಾ ಮಾಡಿ ಅತ್ತೀ ಅಂತ. ಸಣ್ಣಾಕಿದ್ದಾಗ ನಾ ಅದನ್ನ ಕಥಿ ಕೇಳಿಧಂಗ ದಿನಾ ಕೇಳ್ತಿದ್ದೆ. ಖರೇ ಏನದು?"

ಗಂಗವ್ವ ಹಾಗೆ ಹೇಳಿದ್ದಳೆಂದು ನನಗೆ ಅಂದೇ ಗೊತ್ತಾದದ್ದು. ನನ್ನ ತಂಗಿ ನನಗೆ ಕೊಟ್ಟುಹೋದ ಮಾತು ಅದು, ಸುಮ್ಮನೆ ತೆಗೆದುಕೊಂಡರೆ ಆಗುತ್ತಿತ್ತು. ಹೂಂ ಅಂದಿದ್ದರೆ ಬಹುಶಃ ಅವಳು ಅವ್ವ ಎನ್ನುತ್ತಿದ್ದಳು. ಅವಳ ಮುಖ ಹಾಗಿತ್ತು. ಆದರೆ ನಿಮಿಷದ ಹಿಂದೆ ಸುಳ್ಳು ಯಾಕೆ ಹೇಳಲಿ ಎಂದು ಅಂದಿದ್ದಳಲ್ಲ, ಆ ಸಿಟ್ಟು ನನ್ನ ಬಾಯಲ್ಲೇ ಇತ್ತು.

"ಸುಳ್ಳು" ಎಂದೆ. "ನಾ ಅಳಲಿಲ್ಲ. ಮರುದಿನಾ ಬೀಡಿ ಕೊಡೂದಿತ್ತು. ಎಲಿ ನೆನಿ ಇಟ್ಟಿದ್ದೆ. ನೆನದ ಎಲಿ ಕಾಯೂದಿಲ್ಲ."

ಅವಳು ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದಳು. "ಮತ್ತ ನಾನಽ ಯಾಕ? ಮೂರು ಮಂದಿ ಇದ್ದೆವಲ್ಲ."

"ದೊಡ್ಡಾಕಿ ಎಲಿ ಕತ್ತರಸತಿದ್ಲು. ಸಣ್ಣಾಕಿ ಮೊಲಿ ಬಿಟ್ಟಿದ್ದಿಲ್ಲ. ನೀ ನಡುವಿನಾಕಿ. ನಿನ್ನಿಂದ ಕೆಲಸಾನೂ ಇದ್ದಿಲ್ಲ, ನಿನಗ ಹಾಲೂ ಬೇಕಾಗಿದ್ದಿಲ್ಲ."

"ಬರೋಬ್ಬರ್" ಎಂದಳು ಸುರೇಖಾ.

ಅಷ್ಟೇ. ಎದ್ದು ಬಕೇಟಿನಿಂದ ಆ ಕೂಗುವ ಬಿಲ್ಲೆ ತೆಗೆದು, ನೀರು ಝಾಡಿಸಿ, ಟವೆಲಿನಿಂದ ಒರೆಸಿದಳು. ಒಣಗಲೆಂದು ಕಿಟಕಿಯಲ್ಲಿಟ್ಟಳು. ಅತ್ತಿದ್ದರೆ ನಾನು ಏನಾದರೂ ಮಾಡಬಹುದಿತ್ತು. ಅವಳು ಅಳಲಿಲ್ಲ. ಚಹಾ ಹಾಗೇ ಆರಿತು, ಮೇಲೆ ಕೆನೆಗಟ್ಟಿತು.

ಮೂರನೆಯ ದಿನ, ಮಳೆ

ಆ ದಿನವೆಲ್ಲ ಮಳೆ. ನಮ್ಮಲ್ಲಿಯ ಮಳೆ ಬಂದರೆ ಬಂತು, ಹೋದರೆ ಹೋಯಿತು. ಇದು ಜಡ್ಡು ಹಿಡಿದ ಮುದುಕಿಯ ಮಾತಿನ ಹಾಗೆ, ಜೋರೂ ಇಲ್ಲ, ನಿಲ್ಲುವುದೂ ಇಲ್ಲ. ಹೊರಗೆ ಹೋಗುವಂತಿರಲಿಲ್ಲ, ಒಳಗೆ ಇದ್ದದ್ದು ಒಂದೇ ಕೋಣೆ.

ಸುರೇಖಾ ಮುಲಾಮು ತಂದಳು. ನನ್ನ ತೋಳು ಮುಂದೆ ಮಾಡಿಸಿ, ಗಂಧೆಗಳ ಮೇಲೆ ಒಂದೊಂದಾಗಿ ಹಚ್ಚಿದಳು. ಕೈ ಮೆತ್ತಗೆ, ಕೆಲಸ ಚೊಕ್ಕ. ಯಾವ ಮುದುಕಿಗಾದರೂ ಹೀಗೇ ಹಚ್ಚುತ್ತಾಳೆ ಎಂದು ತಿಳಿಯಿತು. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬೇಷಿತ್ತು.

ಹಚ್ಚುತ್ತಲೇ ಕೇಳಿದಳು: "ಅವ್ವ ಅದೊಂದು ಸುಳ್ಳ ಹೇಳಿದ್ಲಲ್ಲ. ಇನ್ನೇನರ ನನಗ ಮುಚ್ಚಿಟ್ಟಾಳೇನು?"

"ಇಲ್ಲ" ಎಂದೆ.

ಇತ್ತು. ಈಗ ಬರೆಯುತ್ತೇನೆ.

ಕೊಟ್ಟ ಒಂದು ತಿಂಗಳಿಗೆ ಗಂಗವ್ವ ಆ ಕೂಸನ್ನು ಎತ್ತಿಕೊಂಡು ಸೊಲ್ಲಾಪುರಕ್ಕೆ ಬಂದಿದ್ದಳು. ಮಟಮಟ ಮಧ್ಯಾಹ್ನ. ನಾನು ಒಳಗೆ ಬೀಡಿ ಕಟ್ಟುತ್ತ ಕೂತಿದ್ದೆ. "ಅಕ್ಕಾ, ಕೂಸು ಉಣ್ಣವೊಲ್ಲದು. ಇಡೀ ದಿನಾ ಹಳಿ ಕಡೆ ಮುಖಾ ಮಾಡಿ ಬಾಗಲದಾಗ ಕೂಡತದ. ನಿನ್ನ ಹೆಸರಽ ಹೇಳತದ. ನನಗ ಪಾಪ ಹತ್ತತದ, ನೀ ಇಟಕೋ" ಎಂದು ಹೊಸ್ತಿಲ ಹೊರಗೆ ನಿಂತು ಅತ್ತಳು. ತಂಗಿಗೆ ಆ ಮಗು ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಆದರೂ ತಂದಿದ್ದಳು. ಕೂಸು ನನ್ನನ್ನು ನೋಡಿ ಎರಡೂ ಕೈ ಮುಂದೆ ಮಾಡಿತು. ನನ್ನ ಕೈಯಲ್ಲಿ ಎಲೆಯಿತ್ತು.

"ಕೊಟ್ಟದ್ದು ಕೊಟ್ಟಾತು" ಎಂದೆ. ಎದ್ದು ಬಾಗಿಲು ಮುಚ್ಚಿ ಚಿಲಕ ಹಾಕಿದೆ.

ಬಾಗಿಲ ಹೊರಗೆ ಅತ್ತವಳು ಗಂಗವ್ವ. ಕೂಸು ಅಳಲಿಲ್ಲ. ಆಮೇಲೆ ಹುಸೇನಬಿ ಬಂದು ಇಬ್ಬರನ್ನೂ ತನ್ನ ಮನೆಗೆ ಕರೆದೊಯ್ದು ನೀರು ಕೊಟ್ಟಳಂತೆ, ಬಸ್ಸಿಗೆ ಹತ್ತಿಸಿದಳಂತೆ. ಗಂಗವ್ವ ಇದನ್ನು ಯಾರಿಗೂ ಹೇಳಲಿಲ್ಲ. ನನ್ನ ಎದುರಿಗೂ ಮತ್ತೆ ಎತ್ತಲಿಲ್ಲ. ಮೇಲಿಂದ ಆ ಮೂರು ದಿನದ 'ಅಳು'ವನ್ನು ಕಟ್ಟಿ ಮಗುವಿಗೆ ಹೇಳಿದ್ದಾಳೆ, ರೊಟ್ಟಿಯ ಜೊತೆ ಉಣಿಸಿದ್ದಾಳೆ.

ಅಳದೆ ಕೊಟ್ಟ ಸಂಗತಿಯನ್ನು ಸುರೇಖಾಳಿಗೆ ಹೇಳಿಬಿಟ್ಟೆ, ಚಿಲಕದ ಮಾತು ಹೇಳಲಿಲ್ಲ. ಯಾರನ್ನು ಉಳಿಸಲು ಮುಚ್ಚಿಟ್ಟೆ ಎಂದರೆ, ನನ್ನನ್ನೇ. ಖರೆ ಹೇಳುವವಳು ಎಂದು ಊರಲ್ಲಿ ನನ್ನ ಹೆಸರಿದೆ. ನನಗೆ ಆಗಿಬರದ ಖರೆಯನ್ನು ನಾನೂ ಹೇಳುವುದಿಲ್ಲ.

ಸುರೇಖಾ ಮುಲಾಮಿನ ಮುಚ್ಚಳ ಹಾಕಿದಳು. "ಕೆರೀಬ್ಯಾಡ ಮತ್ತ, ಗಾಯ ಆಗತದ" ಎಂದಳು.

ಕೊನೆಯ ಬೆಳಿಗ್ಗೆ

ಮಳೆ ನಿಂತಿತ್ತು. ಸುರೇಖಾ ಚೀಲ ಕಟ್ಟಿದಳು. ನಾನು ನೆಲ ಗುಡಿಸಿ, ಒಲೆಯ ಬೂದಿ ತೆಗೆದು, ಪಾತ್ರೆ ಉಜ್ಜಿಟ್ಟೆ. ಬಿಡು ದೊಡ್ಡವ್ವ, ಅವರೇ ಮಾಡುತ್ತಾರೆ ಎಂದಳು. ಯಾರ ಮನೆಯನ್ನಾದರೂ ಹಾಗೇ ಬಿಟ್ಟು ಬರಲು ನನಗಾಗುವುದಿಲ್ಲ. ಸೊಲ್ಲಾಪುರಿ ಚಾದರವನ್ನು ಸುರೇಖಾಳಿಗೆಂದು ಒಯ್ದಿದ್ದೆ. ಕೊಡುವ ಹೊತ್ತು ಬರಲೇ ಇಲ್ಲ. ಮಡಿಚಿ ಒಡತಿಗೆಂದು ಮಂಚದ ಮೇಲಿಟ್ಟೆ. ಆ ಬಿಲ್ಲೆ ಹಾಳು ಮಾಡಿದ್ದಕ್ಕೂ ಆಯಿತು, ಬೈಯದ್ದಕ್ಕೂ ಆಯಿತು.

ಕಿಟಕಿಯ ಹತ್ತಿರ ಒಂದು ದಪ್ಪ ಪುಸ್ತಕವಿತ್ತು. ಬಂದು ಹೋದವರು ಅದರಲ್ಲಿ ಬರೆಯುತ್ತಾರಂತೆ. ಸುರೇಖಾ ಪುಟ ತಿರುವಿ ತೋರಿಸಿದಳು. ಒಬ್ಬರು ಮರದ ಚಿತ್ರ ತೆಗೆದಿದ್ದರು, ಒಬ್ಬರು ಮಗುವಿನ ಅಂಗೈ ಒತ್ತಿಸಿದ್ದರು.

"ನೀನೂ ಏನರ ಬರಿ ದೊಡ್ಡವ್ವಾ. ಕನ್ನಡದಾಗ ಬರಿ, ಯಾರೂ ಬರದಿಲ್ಲ" ಎಂದು ಪೆನ್ನು ಕೊಟ್ಟಳು. ಅವಳು ಓದಿದ್ದೆಲ್ಲ ಮರಾಠಿ ಶಾಲೆಯಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಅಕ್ಷರ ಬರುವುದಿಲ್ಲ.

ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಈ ಮನೆ ಹಿಡಿದದ್ದು ಗಂಗವ್ವನಿಗೆ. ಮಂಚ ಅವಳದು, ಸ್ವೆಟರು ಅವಳದು, ಮಗಳು ಅವಳದು. ನಾಲ್ಕು ದಿನ ಅವಳ ಚಪ್ಪಲಿಯಲ್ಲಿ ಅರ್ಧ ಕಾಲು ಹಾಕಿಕೊಂಡು ತಿರುಗಿದ್ದೆ. ಬರೆದೆ: *ಹೋಟಗಿಯ ಗಂಗವ್ವ ಬಂದು ಹೋದಳು.*

"ಏನ್ ಬರದಿ?"

"ನನ್ನ ಹೆಸರು."

"ಹೆಸರಿಗೆ ಇಷ್ಟೊತ್ತ ಬೇಕಾತೇನು?"

"ನಾಕನೇತ್ತಾ ಕಲತಾಕಿ. ಬೇಕಾಗತದ."

ಅವಳು ನಕ್ಕು ಮೊಬೈಲು ತೆಗೆದು ಆ ಪುಟದ ಫೋಟೊ ಹೊಡೆದುಕೊಂಡಳು. ಆಮೇಲೆ ಬಾಗಿಲು ಹಾಕಿ, ಬೀಗದ ಕೈಯನ್ನು ಡಬ್ಬಿಯಲ್ಲಿಟ್ಟು ಬಂದಳು. ಕಾರಿನಲ್ಲಿ ಕೂತ ಮೇಲೆ, "ಬೆಲ್ಟ್ ಹಾಕ್ಕೋ ದೊಡ್ಡವ್ವಾ" ಎಂದಳು. ನನಗೆ ಹಾಕಿಕೊಳ್ಳಲು ಬರಲಿಲ್ಲ. ಬಗ್ಗಿ ಅವಳೇ ಹಾಕಿದಳು.

ಊರಿಗೆ ಬಂದ ಮೇಲೆ ಹುಸೇನಬಿ, ಹೇಗಿತ್ತು ಎಂದು ಕೇಳಿದಳು. ಮರ ಇವೆ, ಹುಳು ಇವೆ, ಜಗಳ ಬಿಡಿಸುವವರು ಇಲ್ಲ ಎಂದೆ. ಅವಳು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟಳು. ಆ ದಿನ ನನ್ನ ಬಾಗಿಲಿಂದ ಗಂಗವ್ವನನ್ನು ಕರೆದೊಯ್ದು ನೀರು ಕೊಟ್ಟವಳೂ ಅವಳೇ ಅಲ್ಲವೇ.

ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಸುರೇಖಾಳಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದ ಮೇಲೇ ಬರೆದಿದ್ದೇನೆ, ಸುಳ್ಳೇಕೆ. ಆದರೆ ಫೋಟೊ ಅವಳ ಹತ್ತಿರವಿದೆ. ಇಂದಲ್ಲ ನಾಳೆ ಹೋಟಗಿಗೆ ಬರುತ್ತಾಳೆ, ಯಾರಿಗೋ ತೋರಿಸುತ್ತಾಳೆ. ಹಾಗೆ ಅವಳು ತೋರಿಸಿದವರು ಇದನ್ನು ಓದುವ ನಿಮ್ಮಲ್ಲೇ ಯಾರಾದರೂ ಆಗಿದ್ದರೆ, ಆ ಒಂದು ಸಾಲು ಓದಿ ಹೇಳಿ. ಯಾಕೆ ಹಾಗೆ ಬರೆದಳು ಎಂದು ಕೇಳಿದರೆ ಇದನ್ನೂ ಓದಿ ಹೇಳಿ, ಚಿಲಕದ ಮಾತನ್ನು ಬಿಡದೆ. ನನ್ನ ಬಾಯಿಂದ ಆಗಲಿಲ್ಲ.